ಹತ್ತಿರ ಬಂದವರು: ಯಾರೂ ಇಲ್ಲ

ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಎರಡು ವರ್ಷ ಕುದುರೆ ನಿಂತಿತ್ತು. ಕಾರು ಅಂಗಳದ ಬಿಸಿಲಲ್ಲಿ ಒಣಗುತ್ತಿತ್ತು. ಬೆಳ್ಳಾರೆಯಿಂದ ಪುತ್ತೂರಿಗೆ ಹೋಗುವ ಬಸ್ಸಿನವರಿಗೆ ನಮ್ಮ ಮನೆ ಈಗಲೂ ‘ಕುದುರೆ ಮನೆ’. ಕುದುರೆ ಹೋಗಿ ಎರಡು ಮಳೆಗಾಲ ಕಳೆಯಿತು, ಕಂಡಕ್ಟರ್ ಇನ್ನೂ ಹಾಗೆಯೇ ಕೂಗುತ್ತಾನೆ, ನಾನು ತಲೆ ತಗ್ಗಿಸಿ ಇಳಿಯುತ್ತೇನೆ. ಬೇರೆ ಹೆಸರು ಹೇಳಿಕೊಡುವ ಧೈರ್ಯ ನನಗಿಲ್ಲ.

ಇವರು, ಅಂದರೆ ನನ್ನ ಗಂಡ, ಹದಿನೆಂಟು ವರ್ಷ ಗಲ್ಫಿನಲ್ಲಿದ್ದರು. ನಮ್ಮ ಬ್ಯಾರಿಗಳು ಅಲ್ಲಿ ಅಂಗಡಿ ಇಡುತ್ತಾರೆ, ಗಾಡಿ ಓಡಿಸುತ್ತಾರೆ. ಇವರು ಒಬ್ಬ ದೊಡ್ಡ ಮನುಷ್ಯನ ಕುದುರೆ ಲಾಯದಲ್ಲಿದ್ದರು. ಮದುವೆಯ ಹೊತ್ತಿಗೆ ನನ್ನ ತವರಿನವರಿಗೆ ‘ಕಂಪೆನಿಯಲ್ಲಿ ಕೆಲಸ’ ಎಂದು ಹೇಳಿದ್ದರಂತೆ. ಕಂಪೆನಿಗೆ ನಾಲ್ಕು ಕಾಲು ಮತ್ತು ಬಾಲ ಉಂಟೆಂದು ನನಗೆ ಗೊತ್ತಾದದ್ದು ಆಮೇಲೆ. ಎರಡು ವರ್ಷಕ್ಕೊಮ್ಮೆ ಬಂದು ಎರಡು ತಿಂಗಳು ಇರುತ್ತಿದ್ದರು. ಉಳಿದ ಸಂಸಾರವೆಲ್ಲ ಫೋನಿನಲ್ಲಿ. ಅದರಲ್ಲೂ ಅರ್ಧ ಮಾತು ಕುದುರೆಯದ್ದೇ. ಯಾವುದಕ್ಕೆ ಹೊಟ್ಟೆನೋವು, ಯಾವುದಕ್ಕೆ ಗೊರಸು ಬಿರುಕು. ನನಗೆ ಮೂರು ದಿನದಿಂದ ತಲೆನೋವು ಎಂದು ಹೇಳಲು ಕಾದು ಕಾದು, ಕೊನೆಗೆ ದುಡ್ಡು ಮುಗಿದು ಲೈನ್ ಕಟ್ಟಾಗುತ್ತಿತ್ತು.

ಊರಿಗೆ ಬಂದು ಪೇಟೆಯಲ್ಲಿ ಪೈಪಿನ ಅಂಗಡಿ ಇಟ್ಟರು. ಇನ್ನಾದರೂ ಕುದುರೆಯ ಕಾಟ ಮುಗಿಯಿತು ಎಂದು ನಾನು ಗ್ರಹಿಸಿದೆ. ವರ್ಷ ತುಂಬುವುದರೊಳಗೆ ಕಾಸರಗೋಡಿನ ಕಡೆಯಿಂದ ಪಿಕಪ್ಪಿನಲ್ಲಿ ಒಂದು ಹೆಣ್ಣು ಕುದುರೆ ಬಂದು ಅಂಗಳದಲ್ಲಿ ಇಳಿಯಿತು. ಕಂದು ಬಣ್ಣ, ಹಣೆಯಲ್ಲಿ ಬಿಳಿ ಬೊಟ್ಟು.

“ಎಂತಕ್ಕೆ ಇದು?” ಎಂದೆ.

“ಹದಿನೆಂಟು ವರ್ಷ ಬೇರೆಯವರ ಕುದುರೆ ತೊಳೆದಿದ್ದೇನೆ. ಒಂದು ನನ್ನದು ಬೇಡವಾ?” ಎಂದರು.

ಹದಿನೆಂಟು ವರ್ಷದ ಲೆಕ್ಕ ನನ್ನ ಹತ್ತಿರವೂ ಇತ್ತು. ಆದರೆ ಇವರ ಮುಖದಲ್ಲಿ ನಾನು ಎಂದೂ ನೋಡದ ಒಂದು ಮಗುವಿನ ಖುಷಿ ಇತ್ತು. ಶೆಡ್ಡಿನಿಂದ ಕಾರು ತೆಗೆಯಲು ಬೀಗದಕೈ ತಂದುಕೊಟ್ಟೆ.

ಪೇಟೆಯವರು ಬಿಡುತ್ತಾರಾ? ‘ಕುದುರೆ ಕಂಡರೆ ಕಾಲುನೋವು’ ಎನ್ನುವ ಹಾಗೆ ಸಲಾಂ ಹೇಳಲು ಬಂದವರಿಗೆಲ್ಲ ಒಮ್ಮೆ ಹತ್ತಿ ನೋಡಬೇಕು. “ಎಷ್ಟು ಲೀಟರ್ ಹಾಲು ಕೊಡ್ತದೆ ಮಾರಾಯ್ರೆ?” ಎಂದು ಡೈರಿಯಲ್ಲಿ ಕೇಳಿದರಂತೆ. ಇವರು ನಗುತ್ತಿದ್ದರು. ಆದರೆ ಯಾರನ್ನೂ ಅದರ ಮೂಗಿನ ಹತ್ತಿರ ಬಿಡುತ್ತಿರಲಿಲ್ಲ.

ಅದಕ್ಕೆಂದು ಒಂದು ನೋಟ್ ಪುಸ್ತಕ ಇಟ್ಟಿದ್ದರು. ಬೆಳಿಗ್ಗೆ ಜ್ವರ ಎಷ್ಟು, ಸಂಜೆ ಎಷ್ಟು, ಹುರುಳಿ ಎಷ್ಟು ತಿಂದಿತು, ಲದ್ದಿ ಹೇಗಿತ್ತು. ಕಡೆಯ ಸಾಲು ‘ಹತ್ತಿರ ಬಂದವರು’. ಮನುಷ್ಯರಲ್ಲ, ಬೇರೆ ಕುದುರೆ, ಕತ್ತೆ, ಅಂಥವು. ನಮ್ಮೂರಿನಲ್ಲಿ ಕತ್ತೆ ಎಲ್ಲಿಂದ ಬರಬೇಕು? ದಿನಾ ಅಲ್ಲಿ ‘ಯಾರೂ ಇಲ್ಲ’ ಎಂದು ಬರೆಯುತ್ತಿದ್ದರು. ನನಗೆ ಜ್ವರ ಬಂದರೆ ಅಂಗೈ ಇಟ್ಟು “ಇಲ್ಲ ಮಾರಾಯ್ತಿ, ತಣ್ಣಗೆ ಉಂಟು” ಎನ್ನುವ ಮನುಷ್ಯ ಕುದುರೆಗೆ ಎರಡು ಹೊತ್ತೂ ಥರ್ಮಾಮೀಟರ್ ಇಡುವುದನ್ನು ನೋಡಿ ನನಗೆ ಮೈ ಉರಿಯುತ್ತಿತ್ತು.

“ಇದೆಲ್ಲ ಯಾರಿಗೆ ತೋರಿಸ್ಲಿಕ್ಕೆ?” ಎಂದು ಒಮ್ಮೆ ಕೇಳಿದೆ.

ಆಗ ಹೇಳಿದರು. ಅಲ್ಲಿನ ಲಾಯಕ್ಕೆ ಒಮ್ಮೆ ಹೊಸ ಕುದುರೆಯೊಂದು ಬಂತಂತೆ. ನೋಡಲು ಚಂದ, ಒಂದು ಸೀನೂ ಇಲ್ಲ. ವಾರ ಕಳೆದು ಮತ್ತೊಂದಕ್ಕೆ ಜ್ವರ. “ಮೂಗಿನಿಂದ ಮೂಗಿಗೆ ಬರ್ತದೆ. ಒಂದೇ ಬಾಲ್ದಿಯಲ್ಲಿ ನೀರು ಕುಡಿದರೂ ಸಾಕು. ಜ್ವರ ಎರಡು ದಿನದಲ್ಲಿ ಇಳಿತದೆ, ಎಲ್ಲರಿಗೂ ಸಮಾಧಾನ ಆಗ್ತದೆ. ಆಮೇಲೆ ನರಕ್ಕೆ ಹೋಗ್ತದೆ. ಹಿಂದಿನ ಕಾಲು ಎಳಿತದೆ, ಬಾಲ ಸೋಲ್ತದೆ, ಮೂತ್ರ ತನ್ನಷ್ಟಕ್ಕೆ ಸೋರ್ತದೆ. ಮೂರು ಕುದುರೆ ನನ್ನ ಕಣ್ಣೆದುರು ಬಿದ್ದು ಹೋದವು.” ಹೇಳುವಾಗ ಇವರ ಸ್ವರ ಕೆಳಗಿಳಿಯಿತು. “ಹಾಗಾಗಿ ನಮ್ಮದರ ಹತ್ತಿರ ಬೇರೆ ಕುದುರೆ ಬರಬಾರದು. ಬಂದರೆ ನನಗೆ ಹೇಳಬೇಕು. ಅಷ್ಟೇ.”

ಕಾನೂನು ಸರಿ. ಆದರೆ ಕಾನೂನಿನ ಒಳಗೆ ಇರಬೇಕಾದದ್ದು ಕುದುರೆ. ಇವರು ಬೆಳಿಗ್ಗೆ ಅಂಗಡಿಗೆ ಹೋದರೆ ಸಂಜೆಯವರೆಗೆ ಅದರ ಜೊತೆ ಇದ್ದವಳು ನಾನು. ರಸ್ತೆಯ ಕಡೆಗೆ ಕಿವಿ ನಿಲ್ಲಿಸಿ ಗಂಟೆಗಟ್ಟಲೆ ನಿಂತಿರುತ್ತಿತ್ತು. ಒಂದು ಆದಿತ್ಯವಾರ ಇವರು ಹಳೆಯ ಲಾಯದ ವಿಡಿಯೋ ಒಂದನ್ನು ಫೋನಿನಲ್ಲಿ ಹಾಕಿದರು. ಅದರಲ್ಲಿ ಯಾವುದೋ ಕುದುರೆ ಕೆನೆಯಿತು. ನಮ್ಮದು ಮೈಯೆಲ್ಲ ನಡುಗಿಸಿ ಹತ್ತಿರ ಬಂತು, ಫೋನನ್ನು ಮೂಸಿತು, ಮತ್ತೆ ಫೋನಿನ ಹಿಂದೆ ಮೂಸಿ ನೋಡಿತು. ಅಲ್ಲಿ ಯಾರೂ ಇಲ್ಲ. ಇವರು ನಕ್ಕರು. ನಾನು ಒಳಗೆ ಹೋಗಿ ಅತ್ತೆ. ಫೋನಿನ ಹಿಂದೆ ಯಾರೂ ಇರುವುದಿಲ್ಲ ಎಂದು ಕಲಿಯಲು ನನಗೆ ಎಷ್ಟು ವರ್ಷ ಬೇಕಾಯಿತು ಎಂದು ಯಾರಿಗೆ ಹೇಳುವುದು? ಅಂದಿನಿಂದ ಅದರ ಮೇಲಿನ ಹೊಟ್ಟೆಕಿಚ್ಚು ಹೋಯಿತು. ಇವರು ಇಟ್ಟ ಹೆಸರಿನಿಂದ ನಾನೂ ಕರೆಯತೊಡಗಿದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ನಮ್ಮ ಮೂರು ತಾಲೂಕುಗಳಲ್ಲಿ ಇವರಿಗೆ ಕುದುರೆಯ ಮಾತಿಗೆ ಸಿಕ್ಕ ಒಬ್ಬರೇ ಒಬ್ಬರು ನೆಲ್ಯಾಡಿ ದಾಟಿ ಗುಂಡ್ಯದ ಕಡೆ ರಬ್ಬರ್ ತೋಟ ಮಾಡಿಕೊಂಡಿದ್ದ ಚೇಟ್ಟ, ಅಂದರೆ ಮಲಯಾಳದ ಅಣ್ಣ. ಅವರ ಅಪ್ಪನ ಕಾಲದಲ್ಲಿ ಕೇರಳದಿಂದ ಬಂದು ನೆಲೆಸಿದ ಕ್ರಿಶ್ಚಿಯನ್ ಮನೆ. ವಯಸ್ಸು ಅರುವತ್ತು ದಾಟಿದೆ, ಕುದುರೆ ಸಾಕುವ ಹುಚ್ಚು ಹೊಸತು. ವಾರಕ್ಕೆ ಎರಡು ಸಲ ಫೋನ್ ಮಾಡಿ ಇವರ ಸಲಹೆ ಕೇಳುತ್ತಿದ್ದರು.

ಏಪ್ರಿಲಿನ ಒಂದು ಮಧ್ಯಾಹ್ನ ನಮ್ಮ ಗೇಟಿನಲ್ಲಿ ಪಿಕಪ್ ನಿಂತಿತು. ಚೇಟ್ಟ ಮಡಿಕೇರಿಯ ಆಚೆಯಿಂದ ಗಬ್ಬದ ಕುದುರೆಯೊಂದನ್ನು ಕೊಂಡು, ಸುಳ್ಯದ ಮೇಲಿಂದಾಗಿ ಮನೆಗೆ ಹೊರಟಿದ್ದರು. ಇವರಿಗೆ ಅದರ ಹಲ್ಲು ತೋರಿಸಿ ಪ್ರಾಯ ಕೇಳಬೇಕೆಂದು ನಮ್ಮಲ್ಲಿ ನಿಲ್ಲಿಸಿದ್ದು. ಇವರು ಸಾಮಾನು ತರಲು ಪುತ್ತೂರಿಗೆ ಹೋಗಿದ್ದರು. ಫೋನ್ ತೆಗೆಯಲಿಲ್ಲ.

“ಮೋಳೇ, ಇದಕ್ಕೆ ಸ್ವಲ್ಪ ನೀರುಂಟಾ?” ಎಂದರು ಚೇಟ್ಟ. ಅವರಿಗೆ ನಾನು ಮೋಳ್, ಅಂದರೆ ಮಗಳು, ಇವರು ಮೋನ್, ಮಗ.

ಬಿಳಿ ಕುದುರೆ, ಹೊಟ್ಟೆ ಇಳಿದಿದೆ, ಬೆವರಿ ಒದ್ದೆಯಾಗಿದೆ, ತುಟಿ ಒಣಗಿದೆ. ಬಾಯಾರಿದ ಪ್ರಾಣಿಗೆ ನೀರು ಕೊಡುವುದಕ್ಕಿಂತ ದೊಡ್ಡ ಪುಣ್ಯವಿಲ್ಲ ಎಂದು ಮದ್ರಸದಲ್ಲಿ ಕಲಿತವಳು ನಾನು. ಬಾಲ್ದಿ ಹುಡುಕಲು ಹೋಗಲಿಲ್ಲ. ಶೆಡ್ಡಿನಲ್ಲಿ ನಮ್ಮದು ಅರ್ಧ ಕುಡಿದು ಬಿಟ್ಟ ನೀಲಿ ಬಾಲ್ದಿ ಇತ್ತು, ಅದನ್ನೇ ಎತ್ತಿದೆ. ಅಷ್ಟು ಹೊತ್ತಿಗೆ ನಮ್ಮದು ಕೆನೆಯತೊಡಗಿತ್ತು. ಅದರ ಗಂಟಲಿನಲ್ಲಿ ಅಷ್ಟು ದೊಡ್ಡ ಸ್ವರ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಪಿಕಪ್ಪಿನ ಮೇಲಿಂದ ಉತ್ತರ ಬಂತು.

ಇವರ ಕಾನೂನು ನನಗೆ ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು. ಅದರ ಜೊತೆಗೇ ಸಿಟ್ಟೂ ಬಂತು. ಎರಡು ವರ್ಷ ಒಂದು ಜೀವ ತನ್ನ ಜಾತಿಯ ಒಂದು ಮುಖ ನೋಡದೆ ನಿಲ್ಲಬೇಕಾ? ಯಾರ ಹೆದರಿಕೆಗೆ? ಹಗ್ಗ ಬಿಚ್ಚಿ ನಮ್ಮದನ್ನು ನಾನೇ ನಡೆಸಿಕೊಂಡು ಹೋದೆ. ಚೇಟ್ಟ ಅಷ್ಟರಲ್ಲಿ ಬಿಳಿಯದನ್ನು ಪಿಕಪ್ಪಿನಿಂದ ಅಂಗಳಕ್ಕೆ ಇಳಿಸಿದ್ದರು.

ಚೇಟ್ಟನಿಗೆ ಚಾ ಮಾಡಿ ತಂದೆ. ಅವರು ಚಾ ಕುಡಿದು ಮುಗಿಸುವವರೆಗೆ ಎರಡೂ ಮೂಗಿಗೆ ಮೂಗು ತಾಗಿಸಿ ನಿಂತಿದ್ದವು. ಒಂದರ ಕುತ್ತಿಗೆಯನ್ನು ಇನ್ನೊಂದು ಹಲ್ಲಿನಿಂದ ತುರಿಸಿತು. ಒಂದೇ ಬಾಲ್ದಿಗೆ ಎರಡು ಮುಸುಡಿ ಹಾಕಿ ಕುಡಿದವು. ನಾನು ಕಟ್ಟೆಯ ಮೇಲೆ ಕೂತು ನೋಡಿದೆ. ಆ ದಿನ ನನಗಾದ ಸಂತೋಷವನ್ನು ಈಗಲೂ ಇಲ್ಲವೆನ್ನಲಾರೆ.

“ಇದು ಇವರಿಗೆ ಹೇಳ್ಬೇಡಿ ಚೇಟ್ಟ. ಮತ್ತೆ ನನಗೆ ಒಂದು ವಾರ ಭಾಷಣ,” ಎಂದೆ.

“ನಾನ್ಯಾಕೆ ಹೇಳ್ಲಿ?” ಎಂದು ನಕ್ಕು ಅವರು ಹೋದರು.

ಸಂಜೆ ಇವರು ಬಂದು, ಚೇಟ್ಟನ ಮಿಸ್ಡ್ ಕಾಲ್ ಉಂಟಲ್ಲ ಎಂದರು. ಬಂದಿದ್ದರು, ಅವಸರದಲ್ಲಿದ್ದರು, ಹೋದರು ಎಂದೆ. ಮೂರೂ ನಿಜ. ಪುಸ್ತಕ ಹಿಡಿದು ಶೆಡ್ಡಿನಿಂದ ಕೂಗಿ ಕೇಳಿದರು, “ಹತ್ತಿರ ಯಾರಾದರೂ?” ಅಡುಗೆಮನೆಯಿಂದಲೇ “ಇಲ್ಲ” ಎಂದೆ.

ಒಂದು ವಾರ ಏನೂ ಇಲ್ಲ. ಚೇಟ್ಟನ ಫೋನೂ ಮತ್ತೆ ಬರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಜ್ವರ. ಎರಡು ದಿನದಲ್ಲಿ ಇಳಿಯಿತು. ಸೆಕೆಗೆ ಇರಬೇಕು ಎಂದು ಇವರೂ ಅಂದುಕೊಂಡರು. ಐದನೆಯ ದಿನ ನಡೆಸಲು ಹೊರಗೆ ತಂದಾಗ ಹಿಂದಿನ ಕಾಲಿನ ಗೊರಸು ನೆಲಕ್ಕೆ ಉಜ್ಜುವ ಸದ್ದು ಕೇಳಿತು. ತಿರುಗುವಾಗ ಕಾಲಿಗೆ ಕಾಲು ತೊಡರಿತು. ನೊಣ ಕೂತರೂ ಬಾಲ ಅಲ್ಲಾಡಲಿಲ್ಲ. ತೊಡೆಯ ಒಳಗೆಲ್ಲ ಮೂತ್ರ ಇಳಿದು ಒದ್ದೆ. ಇವರು ಅದರ ಬಾಲವನ್ನು ಎತ್ತಿ ಬಿಟ್ಟರು. ಒದ್ದೆ ಬಟ್ಟೆಯ ಹಾಗೆ ಬಿತ್ತು. ನಾನು ಇವರ ಮುಖ ನೋಡಿದೆ, ಇವರು ನನ್ನ ಮುಖ ನೋಡಲಿಲ್ಲ.

ಪಶುವೈದ್ಯೆ ಸುಳ್ಯದ ಕಡೆಯಿಂದ ಬರಬೇಕು, ಮರುದಿನ ಬರುತ್ತೇನೆ ಎಂದರು. ಅದೇ ಸಂಜೆ ಕುದುರೆ ಬಿತ್ತು. ನಮ್ಮಲ್ಲಿ ದನ ಬಿದ್ದರೆ ಯಾರನ್ನೂ ಕರೆಯಬೇಕಾಗಿಲ್ಲ, ಸುದ್ದಿ ಮುಟ್ಟಿದರೆ ಸಾಕು, ಜನ ಗೋಣಿ ಮತ್ತು ಬಿದಿರು ಹಿಡಿದುಕೊಂಡೇ ಬರುತ್ತಾರೆ. ನಮಾಜು ಮುಗಿಸಿ ಮಸೀದಿಯಿಂದ ಐದಾರು ಮಂದಿ ಬಂದರು. ದನ ಎಬ್ಬಿಸುವುದರಲ್ಲಿ ಪಳಗಿದ ಪಕ್ಕದ ಮನೆಯ ಗೌಡರು ಬಂದರು. ಹೊಟ್ಟೆಯಡಿ ಗೋಣಿ ತೂರಿಸಿ, ಬಿದಿರು ಕೊಟ್ಟು, “ಓ… ಎತ್ತಿ!” ಎಂದು ಎತ್ತಿ ನಿಲ್ಲಿಸಿದರು. ಗೌಡರು ಅದರ ಬಾಯಿಯೊಳಗೆ ಕೈ ಹಾಕಿ ನಾಲಗೆ ಹಿಡಿದು ಬಿದಿರಿನ ಗೊಟ್ಟದಲ್ಲಿ ಕಷಾಯ ಹೊಯ್ದರು. ಎಲ್ಲರ ಕೈಗೂ ಜೊಲ್ಲು. ಅರ್ಧ ಗಂಟೆ ನಿಂತು, ಮತ್ತೆ ಕುಸಿಯಿತು.

ಬೆಳಿಗ್ಗೆ ಬಂದ ವೈದ್ಯೆ ಸಣ್ಣ ಪ್ರಾಯದವರು. ಮೊದಲು ನಮ್ಮನ್ನೆಲ್ಲ ದೂರ ನಿಲ್ಲಿಸಿದರು. ಕೈಗೆ ಗ್ಲೌಸ್ ಹಾಕಿಕೊಂಡು, ಕಾಲು ಬಾಲ ಕಣ್ಣು ಎಲ್ಲ ಪರೀಕ್ಷಿಸಿದರು.

“ನಾಯಿ ಕಚ್ಚಿದ್ದು ಉಂಟಾ?”

“ನನಗೆ ಗೊತ್ತಿದ್ದ ಹಾಗೆ ಇಲ್ಲ,” ಎಂದರು ಇವರು. ಮತ್ತೆ ಮೆಲ್ಲಗೆ, “ಮೇಡಂ, ನಾನು ಇಂಥದ್ದು ಅಲ್ಲಿ ನೋಡಿದ್ದೇನೆ. ಹರ್ಪಿಸ್ ಅಂತ ಹೇಳ್ತಿದ್ದರು. ಹೀಗೇ ಇತ್ತು.”

“ಬೇರೆ ಕುದುರೆ ಹತ್ತಿರ ಬಂದದ್ದು ಉಂಟಾ?”

ಇವರು ಒಳಗೆ ಹೋಗಿ ಪುಸ್ತಕ ತಂದು ಅವರ ಎದುರು ಬಿಡಿಸಿದರು. ಪುಟದ ಮೇಲೆ ಪುಟ, ಯಾರೂ ಇಲ್ಲ, ಯಾರೂ ಇಲ್ಲ. “ಎರಡು ವರ್ಷದಿಂದ ಬೇರೆ ಕುದುರೆಯ ಮುಖ ನೋಡಿಲ್ಲ ಇದು. ಹಾಗಾಗಿ ಅದು ಅಲ್ಲ ಇರಬೇಕು,” ಎಂದು ತಾವೇ ಹೇಳಿಬಿಟ್ಟರು. ಅಷ್ಟು ಸಂಕಟದಲ್ಲೂ ಆ ಸ್ವರದಲ್ಲಿ ಒಂದು ಹೆಮ್ಮೆ ಇತ್ತು.

ನಾನು ಬಿಸಿನೀರಿನ ಪಾತ್ರೆ ಹಿಡಿದು ಅವರಿಂದ ಎರಡು ಮಾರು ದೂರದಲ್ಲಿದ್ದೆ. ಬಾಯಿ ತೆರೆದಿದ್ದರೆ ಆಗುತ್ತಿತ್ತು. ಬಿಸಿ ತುಪ್ಪ, ನುಂಗಲಿಕ್ಕೂ ಇಲ್ಲ, ಉಗುಳಲಿಕ್ಕೂ ಇಲ್ಲ. ಇವರ ಆ ಹೆಮ್ಮೆಯನ್ನು ಎಲ್ಲರ ಎದುರು ಹೇಗೆ ಒಡೆಯಲಿ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ನೆಪ. ನನಗೆ ಹೆದರಿಕೆ ಇತ್ತು, ಅಷ್ಟೇ.

“ಹಾಗಾದರೆ ಮೊದಲು ರೇಬೀಸ್ ಅಂತಲೇ ನೋಡ್ಬೇಕು,” ಎಂದರು ವೈದ್ಯೆ. “ಜೊಲ್ಲು ಮುಟ್ಟಿದವರು ಎಲ್ಲ ಇವತ್ತೇ ಇಂಜೆಕ್ಷನ್ ಹಾಕಿಸ್ಕೊಳ್ಳಿ.” ಮೂಗಿನಿಂದ ಹತ್ತಿಯಲ್ಲಿ ಒರೆಸಿ ತೆಗೆದರು, ರಕ್ತ ತೆಗೆದರು, ಎರಡನ್ನೂ ಪರೀಕ್ಷೆಗೆ ಕಳಿಸಿದರು.

ಎರಡು ರಿಕ್ಷಾ ಮಾಡಿ ನಾವು ಎಂಟು ಮಂದಿ ಪುತ್ತೂರಿನ ಆಸ್ಪತ್ರೆಗೆ ಹೋದೆವು. “ಹುಚ್ಚುನಾಯಿ ಕಚ್ಚಿ ಇಂಜೆಕ್ಷನ್ ಕೇಳಿದ್ದೆ, ಹುಚ್ಚುಕುದುರೆ ಇದೇ ಫಸ್ಟ್,” ಎಂದು ಗೌಡರು ದಾರಿಯಲ್ಲಿ ತಮಾಷೆ ಮಾಡಿದರು. ಆದರೆ ಕೈ ತೊಳೆದದ್ದು ಸಾಲದು ಎಂದು ಅವರು ಬೆರಳ ಸಂದುಗಳನ್ನು ಮತ್ತೆ ಮತ್ತೆ ನೋಡಿಕೊಳ್ಳುತ್ತಿದ್ದರು. ಮೊಮ್ಮಗಳನ್ನು ಎತ್ತಿಕೊಳ್ಳಬಹುದಾ ಎಂದು ನರ್ಸಿನ ಹತ್ತಿರ ಎರಡು ಸಲ ಕೇಳಿದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಕೂತೆ. ಎಲ್ಲರೂ ಅದನ್ನು ದುಃಖವೆಂದುಕೊಂಡರು.

ಆಮೇಲಿನ ಮೂರು ದಿನ ಇವರು ಅಂಗಡಿಗೆ ಹೋಗಲಿಲ್ಲ. ಒಂದೇ ಬದಿ ಮಲಗಿದರೆ ಮೈ ಹುಣ್ಣಾಗುತ್ತದೆಂದು ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಬೇಕು. ಈಗ ಎತ್ತಲು ಯಾರೂ ಬರಲಿಲ್ಲ, ಅವರನ್ನು ದೂರುವುದು ಹೇಗೆ? ನಾವಿಬ್ಬರೇ ಹಗ್ಗ ಹಾಕಿ ಹೊರಳಿಸಿದೆವು. ವೈದ್ಯೆ ದಿನಾ ಬಂದು ನಳಿಕೆ ಹಾಕಿ ಮೂತ್ರ ತೆಗೆದರು. ಅದು ಮುಂಗಾಲು ಊರಿ ಏಳಲು ನೋಡುವುದು, ಹಿಂದಿನ ಅರ್ಧ ಬೇರೆ ಯಾರದ್ದೋ ಎಂಬಂತೆ ನೆಲದಲ್ಲೇ ಉಳಿಯುವುದು. ಆಗ ತಿರುಗಿ ತನ್ನ ಕಾಲನ್ನೇ ನೋಡುತ್ತಿತ್ತು. ಹುರುಳಿ ಕೊಟ್ಟರೆ ತಿನ್ನುತ್ತಿತ್ತು. ಬುದ್ಧಿ ಪೂರ್ತಿ ನೆಟ್ಟಗೆ ಇತ್ತು, ಅದೇ ನೋಡಲಿಕ್ಕಾಗದ್ದು.

ನಾಲ್ಕನೆಯ ದಿನ ಬೆಳಿಗ್ಗೆ ವೈದ್ಯೆ ಇವರನ್ನು ಬದಿಗೆ ಕರೆದು ಮಾತಾಡಿದರು. ಇವರು ತಲೆಯಾಡಿಸಿದರು. ಅದರ ತಲೆ ತೊಡೆಯ ಮೇಲಿಟ್ಟುಕೊಂಡು ಕೂತರು. ಸೂಜಿ ಹೋದ ಮೇಲೆ ಕಿವಿ ಒಂದು ಸಲ ರಸ್ತೆಯ ಕಡೆಗೆ ತಿರುಗಿತು.

ಅಷ್ಟಕ್ಕೇ ಮುಗಿಯಲಿಲ್ಲ. ರೇಬೀಸ್ ಹೌದೋ ಅಲ್ಲವೋ ಗೊತ್ತಾಗಬೇಕಾದರೆ ತಲೆ ಒಡೆದು ಮೆದುಳಿನ ತುಂಡು ಕಳಿಸಬೇಕು ಎಂದರು. ಎಂಟು ಮಂದಿಯ ಪ್ರಾಣದ ಪ್ರಶ್ನೆ, ಬೇಡ ಎನ್ನುವುದು ಹೇಗೆ? ಇವರು ಗೇಟಿನ ಹೊರಗೆ ಹೋಗಿ ರಸ್ತೆಗೆ ಮುಖ ಮಾಡಿ ನಿಂತರು. ನಾನು ಒಳಗಿನ ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡೆ. ಸದ್ದು ಆದರೂ ಬಂತು. ನಾನು ಬಾಯಿ ಬಿಟ್ಟಿದ್ದರೂ ಒಡೆಯುತ್ತಿದ್ದರೋ ಏನೋ. ಗೊತ್ತಿಲ್ಲ. ಗೊತ್ತಿಲ್ಲ ಎಂಬುದು ನನಗೆ ಸಮಾಧಾನವೂ ಅಲ್ಲ.

ರಿಪೋರ್ಟ್ ಬಂದಾಗ ಮಳೆ ಹಿಡಿದಿತ್ತು. ವೈದ್ಯೆ ತಾವೇ ಮನೆಗೆ ಬಂದರು. ರೇಬೀಸ್ ಅಲ್ಲ. ಮೂಗಿನಿಂದ ತೆಗೆದದ್ದರಲ್ಲಿ ಹರ್ಪಿಸ್ ವೈರಸ್ ಸಿಕ್ಕಿದೆ. ಮನುಷ್ಯರಿಗೆ ಬರುವುದಿಲ್ಲ, ಹೆದರಬೇಡಿ ಎಂದರು.

“ಹತ್ತಿರ ಯಾವುದೂ ಬರಲಿಲ್ಲವಲ್ಲ ಮೇಡಂ?” ಎಂದು ಇವರು ಕೇಳಿದರು.

“ಬರಲೇಬೇಕು ಅಂತಿಲ್ಲ ಅಣ್ಣ. ಸಣ್ಣದಿರುವಾಗಲೇ ತಾಗಿ, ವರ್ಷಗಟ್ಟಲೆ ಮೈಯೊಳಗೆ ಸುಮ್ಮನೆ ಇರ್ತದೆ. ಏನಾದರೂ ಆಯಾಸ ಆದರೆ ಏಳ್ತದೆ. ನಿಮ್ಮ ತಪ್ಪು ಅಂತ ಯಾಕೆ ಗ್ರಹಿಸ್ತೀರಿ?” ಹೊರಡುವಾಗ ಮೆಟ್ಟಿಲಲ್ಲಿ ನಿಂತು ಹೇಳಿದರು, “ಕುದುರೆ ಇರುವ ಪರಿಚಯದವರಿಗೆ ಒಂದು ಮಾತು ಹೇಳಿ. ಗಬ್ಬದ್ದಿದ್ದರೆ ಇದರಿಂದ ಕಂದು ಹಾಕ್ತದೆ, ಮರಿ ಸತ್ತು ಬೀಳ್ತದೆ.”

ನನಗೆ ಬಾಗಿಲು ತೆರೆದುಕೊಟ್ಟ ಹಾಗಾಯಿತು. ಒಳಗೇ ಇತ್ತಂತೆ, ತಾನಾಗಿ ಎದ್ದಿತಂತೆ. ಇನ್ನು ಈ ಜನ್ಮದಲ್ಲಿ ಯಾರೂ ನನ್ನನ್ನು ಕೇಳುವುದಿಲ್ಲ. ಇವರು ಮಾತ್ರ “ತರುವಾಗಲೇ ಸರಿ ನೋಡಬೇಕಿತ್ತು, ಬಿಸಿಲಲ್ಲಿ ನಡೆಸಬಾರದಿತ್ತು” ಎಂದು ತಮ್ಮನ್ನೇ ಕುಟ್ಟಿಕೊಳ್ಳುತ್ತಿದ್ದರು. ಎರಡು ದಿನ ಅದನ್ನು ಕೇಳಿಸಿಕೊಂಡೆ. ಚೇಟ್ಟನ ಬಿಳಿ ಕುದುರೆಯ ಇಳಿದ ಹೊಟ್ಟೆ ಕಣ್ಣಿಂದ ಹೋಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ ಇವರ ಎದುರು ಕೂತು ಎಲ್ಲ ಹೇಳಿದೆ. ಹಗ್ಗ ಬಿಚ್ಚಿದ್ದು, ಬಾಲ್ದಿ, ಅಡುಗೆಮನೆಯಿಂದ ಹೇಳಿದ ಆ ‘ಇಲ್ಲ’.

ಬಯ್ಯುತ್ತಾರೆ ಎಂದು ಕಾದೆ. ಇವರು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ ಕೇಳಿದರು, “ಎಷ್ಟು ಹೊತ್ತು?”

“ಒಂದು ಚಾ ಕುಡಿಯುವಷ್ಟು.”

ಕೈ ತೊಳೆದು ಬಂದು ಚೇಟ್ಟನಿಗೆ ಫೋನ್ ಮಾಡಿದರು, ಸ್ಪೀಕರ್ ಹಾಕಿದರು. ರೋಗದ ವಿಷಯ ಪೂರ್ತಿ ಹೇಳಿದರು.

“ಮೋನೇ, ತಡ ಆಯ್ತು,” ಎಂದರು ಚೇಟ್ಟ. “ಅದು ಕಂದು ಹಾಕಿ ಇಪ್ಪತ್ತು ದಿನ ಆಯ್ತು. ಗಂಡು ಮರಿ. ಗಾಡಿಯಲ್ಲಿ ಕುಲುಕಿದ್ದಕ್ಕೆ ಅಂತ ಗ್ರಹಿಸಿದೆ. ನಿನ್ನತ್ರ ಹೇಳ್ಲಿಕ್ಕೆ ನಾಚಿಕೆ ಆಯ್ತು, ಗಬ್ಬದ್ದನ್ನು ಅಷ್ಟು ದೂರ ತಂದೆ ಅಂತ ನೀನು ಬಯ್ಯುತ್ತಿ.” ಅವರದರಿಂದ ನಮ್ಮದಕ್ಕೆ ಬಂತೋ, ನಮ್ಮದರಿಂದ ಅವರದಕ್ಕೆ ಹೋಯಿತೋ, ಯಾರೂ ಹೇಳಲಾರರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಇಬ್ಬರೂ ಒಬ್ಬರಿಗೊಬ್ಬರು ಜಾಗ್ರತೆ ಹೇಳಿ ಫೋನ್ ಇಟ್ಟರು.

ಅಂದು ಸಂಜೆ ಇವರು ಇಂಜೆಕ್ಷನ್ ಹಾಕಿಸಿಕೊಂಡ ಒಬ್ಬೊಬ್ಬರ ಮನೆಗೂ ಹೋದರು. “ಬೇರೆ ಕುದುರೆ ಬಂದಿತ್ತು, ನಾವು ಡಾಕ್ಟ್ರಿಗೆ ಹೇಳಲಿಲ್ಲ” ಎಂದು ಹೇಳಿ ಬಂದರಂತೆ. ‘ನಾವು’ ಎಂದರಂತೆ. ಗೌಡರ ಹೆಂಡತಿ ಅದನ್ನು ನನಗೆ ಹೇಳಿದಾಗ, ಇವರು ನನಗೆ ಎರಡು ಬಾರಿಸಿದ್ದರೆ ಒಳ್ಳೆಯದಿತ್ತು ಎನಿಸಿತು.

ಮರುದಿನ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಆ ಪುಸ್ತಕವನ್ನೂ ಪೆನ್ನನ್ನೂ ನನ್ನ ಮುಂದಿಟ್ಟರು.

“ಆ ದಿನದ್ದು ತಪ್ಪು ಉಂಟು. ನೀನೇ ಸರಿ ಮಾಡು,” ಎಂದರು. ಸಿಟ್ಟಿಲ್ಲ, ಪ್ರೀತಿಯೂ ಇಲ್ಲ. ಚಪ್ಪಲಿ ಮೆಟ್ಟಿ ಹೋದರು.

ಎರಡು ವರ್ಷ ಆ ಪುಸ್ತಕವನ್ನು ಗೇಲಿ ಮಾಡಿದವಳು ಅದನ್ನು ಓದಿದ್ದು ಅವತ್ತೇ ಮೊದಲು. ಏಪ್ರಿಲಿನ ಆ ಪುಟ ಹುಡುಕಿದೆ. ಬೆಳಿಗ್ಗೆ ಜ್ವರವಿಲ್ಲ, ಸಂಜೆ ಜ್ವರವಿಲ್ಲ. ಹತ್ತಿರ ಬಂದವರು: ಯಾರೂ ಇಲ್ಲ. ಅದರ ಕೆಳಗೆ ಉಳಿದ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇತ್ತು. ‘ಹುರುಳಿ ಪೂರ್ತಿ ಖಾಲಿ. ಇವತ್ತು ಭಾರೀ ಖುಷಿಯಲ್ಲಿ ಉಂಟು, ಇಷ್ಟು ಖುಷಿ ನಾನು ನೋಡಿದ್ದಿಲ್ಲ. ಕಾರಣ ಗೊತ್ತಿಲ್ಲ.’

‘ಯಾರೂ ಇಲ್ಲ’ ಎಂಬುದನ್ನು ಹೊಡೆದು ಹಾಕಿ, ಒಂದು ಬಿಳಿ ಕುದುರೆ, ಒಂದು ಚಾ ಕುಡಿಯುವಷ್ಟು ಹೊತ್ತು ಎಂದು ಬರೆದೆ. ಕೆಳಗಿನ ಸಾಲಿನಲ್ಲಿ ‘ಕಾರಣ ಗೊತ್ತಿಲ್ಲ’ ಎಂಬುದನ್ನೂ ಹೊಡೆಯಬೇಕಿತ್ತು. ಪೆನ್ನು ಹಿಡಿದು ಅಂಗಡಿ ಮುಚ್ಚುವ ಹೊತ್ತಿನವರೆಗೆ ಕೂತಿದ್ದೆ.